‘ಬೈಲಹೊಂಗಲ’ ಎಂಬ ಕಡತಕೋಶ: ಮಿಶ್ರ ಸರ್ವರ್ ಜಾಲದಲ್ಲಿ ಕನ್ನಡ ಹೆಸರುಗಳು

ವಿಂಡೋಸ್, ಲಿನಕ್ಸ್, ಮ್ಯಾಕ್ ಯಂತ್ರಗಳು ಒಂದೇ ವ್ಯಾಪಾರಿ ಜಾಲದಲ್ಲಿ ಕಡತ ಹಂಚಿಕೊಳ್ಳುವುದನ್ನು ಸಾಧ್ಯವಾಗಿಸಿದ ತಂತ್ರಾಂಶಗಳಲ್ಲಿ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಸಾಂಬಾ ಮುಖ್ಯವಾದುದು. ಇಂಥ ಜಾಲಗಳ ಚರ್ಚೆ ಸಾಮಾನ್ಯವಾಗಿ ಲಾಗಿನ್, ಭದ್ರತೆಗಳ ಸುತ್ತಲೇ ಸುಳಿಯುತ್ತದೆ. ಕಡತಗಳಿಗೆ ಕನ್ನಡದ ಹೆಸರಿಟ್ಟಾಗ ಆಗುವ ತೊಡಕನ್ನು ಬೆಳಗಾವಿ ಜಿಲ್ಲೆಯ ನಾಲ್ಕು ಊರುಗಳ ಹೆಸರುಗಳ ಮೇಲೆ ಇಲ್ಲಿ ಪರೀಕ್ಷಿಸಲಾಗಿದೆ.

ಬೈಲಹೊಂಗಲದ ಹತ್ತಿ ವರ್ತಕರೊಬ್ಬರಿಗೆ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಖೆಗಳಿದ್ದು, ಸರ್ವರ್‌ನಲ್ಲಿ ಊರಿಗೊಂದು ಕಡತಕೋಶವಿದೆ ಎಂದಿಟ್ಟುಕೊಳ್ಳೋಣ. ಯೂನಿಕೋಡ್‌ನಲ್ಲಿ ೀ, ೇ, ೈ, ೊ, ೋ ಈ ಐದು ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ವಿಂಡೋಸ್‌ನ ಎನ್‌ಟಿಎಫ್‌ಎಸ್, ಲಿನಕ್ಸ್‌ನ ಎಕ್ಸ್ಟ್4 ಕಡತ ವ್ಯವಸ್ಥೆಗಳೆರಡೂ ಬಂದ ರೂಪವನ್ನು ಬಂದಂತೆಯೇ ಇಡುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿ ಇಡುತ್ತದೆ. ನಾಲ್ಕು ಹೆಸರುಗಳಲ್ಲಿ ಈ ಚಿಹ್ನೆಗಳಿರುವುದು ‘ಬೈಲಹೊಂಗಲ’ದಲ್ಲಿ ಮಾತ್ರ, ಅದೂ ಎರಡು. ಯುಟಿಎಫ್-8ರಲ್ಲಿ ಕೂಡಿದ ರೂಪ 24 ಬೈಟ್, ಬಿಡಿಸಿದ್ದು 30 ಬೈಟ್. ಹಳೆಯ ಮ್ಯಾಕ್ ಡಿಸ್ಕಿನಿಂದ ಲಿನಕ್ಸ್‌ಗೆ ನಕಲಾದ ಕೋಶ, ಅಲ್ಲಿ ಮೊದಲೇ ಇದ್ದ ಕೋಶದೊಡನೆ ಬೆರೆಯದೆ ಅದೇ ಹೆಸರಿನ ಇನ್ನೊಂದಾಗಿ ನಿಲ್ಲುತ್ತದೆ. ಲೆಕ್ಕ ಎರಡು ಕಡೆ ಹಂಚಿಹೋಗುತ್ತದೆ. ಉಳಿದ ಮೂರು ಶಾಖೆಗಳ ಕೋಶಗಳು ಸರಿಯಿರುವುದರಿಂದ ಅನುಮಾನ ಬೈಲಹೊಂಗಲದ ಸಿಬ್ಬಂದಿಯ ಮೇಲೋ ಅಲ್ಲಿನ ಸಂಪರ್ಕದ ಮೇಲೋ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಈ ದೋಷದ ನಿಜವಾದ ಅಪಾಯ ಇದು. ಉಳಿದ ಊರುಗಳೂ ಪೂರ್ತಿ ಪಾರಾಗಿಲ್ಲ: ‘ಸವದತ್ತಿ ಜೋಳ’, ‘ರಾಮದುರ್ಗ ನೇಕಾರರು’ ಎಂದು ಬರೆದ ಕೂಡಲೇ ಅವೂ ಸಿಕ್ಕಿಬೀಳುತ್ತವೆ.

ಹೆಸರಿನ ಉದ್ದದ ಮಿತಿಯೂ ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಯುಟಿಎಫ್-16 ಘಟಕಗಳ ಅವಕಾಶವಿದೆ. ಎಕ್ಸ್ಟ್4ರಲ್ಲಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಅಲ್ಲಿ ಹಿಡಿಸುವುದು 85 ಮಾತ್ರ. ಪತ್ರದ ವಿಷಯವನ್ನೇ ಹೆಸರಾಗಿಡುವ ಕಚೇರಿಗಳಿಗೆ ಇದು ಸಾಲದು.

2019ರ ಲಿನಕ್ಸ್ 5.2ರಿಂದ ಎಕ್ಸ್ಟ್4ರಲ್ಲಿ ಎರಡೂ ರೂಪಗಳನ್ನು ಒಂದೆಂದೇ ಗುರುತಿಸುವ ಸೌಲಭ್ಯವಿದೆ, ಆದರೆ ಅದನ್ನು ಖಾಲಿ ಕೋಶದ ಮೇಲಷ್ಟೇ ಚಾಲೂ ಮಾಡಬಹುದು. ಆದ್ದರಿಂದ ಹೊಸ ಸರ್ವರ್‌ಗೆ ಕಡತ ಸಾಗಿಸುವ ಮೊದಲೇ ಈ ಏರ್ಪಾಡು ಆಗಬೇಕು. ಹಳೆಯ ಹೆಸರುಗಳನ್ನು ‘ಕಾನ್ವ್‌ಎಂವಿ’ಯಂಥ ಸಲಕರಣೆಯಿಂದ ಕೂಡಿದ ರೂಪಕ್ಕೆ ತಂದು, ಒಂದೇ ಹೆಸರಿನ ಜೋಡಿ ಕೋಶಗಳನ್ನು ಶಾಖೆಯವರ ಎದುರಲ್ಲೇ ತೆರೆದು ಸೇರಿಸಬೇಕು.