ಅಟ್ಟದ ಮೇಲಿನ ಪೆಟ್ಟಿಗೆಯಿಂದ ಓದುಗರ ಕೈಗೆ: ಅಂತರ್ಜಾಲದಲ್ಲಿ ಕನ್ನಡ ಪುಸ್ತಕ ಮಾರುವ ಬಗೆ



ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡಿನಲ್ಲಿ ಒಂದು ಸುತ್ತು ಹಾಕಿದರೆ ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಮದುವೆ ಸೀರೆಯವರೆಗೆ ಎಲ್ಲವೂ ಸಿಗುತ್ತದೆ. ಕನ್ನಡ ಪುಸ್ತಕ ಬೇಕೆಂದರೆ ಮಾತ್ರ ಬೆಂಗಳೂರಿನಿಂದ ಬರುವವರ ಸೂಟ್‌ಕೇಸಿಗೆ ಕಾಯುವುದೇ ನಮಗೆಲ್ಲ ರೂಢಿ. ಸ್ಯಾನ್ ಡಿಯೇಗೋದವರಿಗಂತೂ ಈ ಪೇಟೆಯೇ ಸುಮಾರು ನೂರು ಮೈಲಿ ದೂರ. ಹಾಗೆಂದು ನಮ್ಮ ನಡುವೆ ಬರೆಯುವವರಿಗೆ ಕೊರತೆಯೇನಿಲ್ಲ. ಊರಲ್ಲಿ ಅಚ್ಚು ಹಾಕಿಸಿ, ಬಿಡುಗಡೆ ಸಮಾರಂಭ ಮುಗಿಸಿ, ಬಂಧುಮಿತ್ರರಿಗೆ ಹಂಚಿದ ಮೇಲೆ ಉಳಿದ ಪ್ರತಿಗಳು ಅಟ್ಟ ಸೇರುತ್ತವೆ. ಅಂಥ ಲೇಖಕರಿಗಾಗಿ ಒಂದಿಷ್ಟು ಮಾಹಿತಿ ಇಲ್ಲಿದೆ.

ಮೊದಲು ನೋಡಬೇಕಾದದ್ದು ಲಿಪಿಯನ್ನು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪುಸ್ತಕ ನಮ್ಮ ಕಣ್ಣಿಗೆ ಕನ್ನಡದಂತೆ ಕಂಡರೂ ಗೂಗಲ್ಲಿನ ಪಾಲಿಗೆ ಕಲಸುಮೇಲೋಗರ. ಅದನ್ನು ಯೂನಿಕೋಡಿಗೆ ಬದಲಾಯಿಸದಿದ್ದರೆ ಯಾರು ಹುಡುಕಿದರೂ ಸಿಗುವುದಿಲ್ಲ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದಲೂ ಆಗುವುದಿಲ್ಲ. ಉಚಿತ ಪರಿವರ್ತಕಗಳು ಬೇಕಾದಷ್ಟಿವೆ. ಆದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದುಂಟು. ಒಮ್ಮೆ ಪೂರ್ತಿ ಕರಡು ತಿದ್ದದೆ ಮುಂದೆ ಹೋಗಬೇಡಿ.

ಹೆಸರಿನ ವಿಷಯವೂ ಇದೆ. ಇಲ್ಲಿ ಬಹಳ ಜನ ಇಂಗ್ಲಿಷ್ ಅಕ್ಷರಗಳಲ್ಲೇ ಹುಡುಕುತ್ತಾರೆ. ಭೈರಪ್ಪನವರ ಹೆಸರನ್ನೇ ಒಬ್ಬರು 'ವೈ' ಹಾಕಿ ಬರೆದರೆ ಇನ್ನೊಬ್ಬರು 'ಎ, ಐ' ಹಾಕಿ ಬರೆಯುತ್ತಾರೆ! ಆದ್ದರಿಂದ ಪುಸ್ತಕದ ಹೆಸರು ಮತ್ತು ಲೇಖಕರ ಹೆಸರು ಎರಡೂ ಲಿಪಿಗಳಲ್ಲಿರಲಿ; ವಿವರಣೆಯಲ್ಲಿ ಎರಡು ಸಾಲು ಇಂಗ್ಲಿಷ್ ಇದ್ದರೆ ಕನ್ನಡಕ್ಕೇನೂ ಅವಮಾನವಲ್ಲ.

ಇ-ಪುಸ್ತಕ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಮೆಜಾನಿನ ಕಿಂಡಲ್. 2016ರ ಡಿಸೆಂಬರಿನಲ್ಲಿ ಅಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿಯಿತು. ಬೇರೆ ಭಾಷೆಯ ಹೆಸರು ಕೊಟ್ಟು ಕನ್ನಡ ಪುಸ್ತಕ ಏರಿಸುವ ಉಪಾಯ ಬೇಡ. ಗೊತ್ತಾದ ದಿನ ಪುಸ್ತಕವನ್ನು ತೆಗೆದುಹಾಕಬಹುದು. ನಮ್ಮ ಮಟ್ಟಿಗೆ ಗೂಗಲ್ ಪ್ಲೇ ಬುಕ್ಸ್ ಹೆಚ್ಚು ಅನುಕೂಲ. ಅಲ್ಲಿ ಕನ್ನಡಕ್ಕೆ ಜಾಗವಿದೆ, ಅಮೆರಿಕದ ಮಾರಾಟದಲ್ಲಿ ಶೇ. 70 ಪ್ರಕಾಶಕರಿಗೆ ಸಿಗುತ್ತದೆ, ಲೇಖಕರೇ ಪ್ರಕಾಶಕರಾಗಿ ನೇರ ಖಾತೆ ತೆರೆಯಬಹುದು. ಕನ್ನಡಕ್ಕೆಂದೇ 2020ರಲ್ಲಿ ಶುರುವಾದ ಮೈಲ್ಯಾಂಗ್ ಆಪ್‌ನಲ್ಲಿ ಇ-ಪುಸ್ತಕದ ಜೊತೆ ಕೇಳುಪುಸ್ತಕವೂ ಉಂಟು. ಇದು ನಮ್ಮ ಮನೆಗಳಿಗೆ ಸಣ್ಣ ಸಂಗತಿಯಲ್ಲ. ಕನ್ನಡ ಮಾತು ತಿಳಿದು ಅಕ್ಷರ ತಿಳಿಯದ ಮಕ್ಕಳಿಗೆ ಕಥೆ ತಲುಪುವುದು ಕಿವಿಯ ಮೂಲಕವೇ. ಫ್ರೀವೇ 5ರ ಟ್ರಾಫಿಕ್ಕಿನಲ್ಲಿ ಕೂತ ಅಪ್ಪ ಅಮ್ಮಂದಿರಿಗೂ ಅಷ್ಟೇ! ಸಾಧ್ಯವಾದರೆ ಲೇಖಕರೇ ಓದಿ ದನಿಮುದ್ರಿಸಲಿ.

ಅಚ್ಚಿನ ಪುಸ್ತಕದ ಕಷ್ಟವೆಲ್ಲ ಅಂಚೆಯದು. 2025ರ ಆಗಸ್ಟಿನಲ್ಲಿ ಅಮೆರಿಕದ ಸುಂಕದ ನಿಯಮ ಬದಲಾದಾಗ ಭಾರತೀಯ ಅಂಚೆ ಇಲಾಖೆ ಇಲ್ಲಿಗೆ ಪಾರ್ಸೆಲ್ ಪಡೆಯುವುದನ್ನೇ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಆರಂಭಿಸಿತು. ಊರಿನಿಂದ ಒಂದೊಂದೇ ಪ್ರತಿ ಕಳಿಸುವುದನ್ನು ನಂಬಿ ಕೂರುವುದು ಕಷ್ಟ. ಒಂದಿಷ್ಟು ಪ್ರತಿ ಒಟ್ಟಿಗೆ ತರಿಸಿಕೊಂಡು ಇಲ್ಲಿಂದ ಹಂಚುವುದು ಮೇಲು. ಅಮೆರಿಕದೊಳಗೆ ಪುಸ್ತಕ ಕಳಿಸಲು ಯುಎಸ್ ಪೋಸ್ಟಿನ ಮೀಡಿಯಾ ಮೇಲ್ ಅಗ್ಗ. ನಾಲ್ಕು ದಿನ ತಡವಾದೀತು, ಅಷ್ಟೆ. ಊರಿನ ಓದುಗರಿಗೆ ಸಪ್ನ, ನವಕರ್ನಾಟಕ, ಟೋಟಲ್ ಕನ್ನಡದಂಥ ಮಳಿಗೆಗಳಿವೆ. ಬೇಕಾದಷ್ಟೇ ಪ್ರತಿ ಅಚ್ಚು ಮಾಡಿಕೊಡುವ ಪೋಥಿ ಎಂಬ ಸಂಸ್ಥೆ ಬೆಂಗಳೂರಿನಲ್ಲೇ ಇದೆ.

ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ಉಚಿತವಾಗಿ ಕೊಡುತ್ತಾರೆ. ಇಲ್ಲಿ ಬೌಕರ್ ಸಂಸ್ಥೆಯಿಂದ ಕೊಂಡರೆ ಒಂದಕ್ಕೇ 125 ಡಾಲರ್! ಪುಸ್ತಕ ಊರಿನ ಪ್ರಕಾಶಕರದ್ದಾದರೆ ಅವರ ಮೂಲಕವೇ ಪಡೆಯಿರಿ. ಅಚ್ಚಿನ ಪ್ರತಿಗೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು.

ಇನ್ನು ಪ್ರಚಾರ. "ನನ್ನ ಪುಸ್ತಕ ಬಂದಿದೆ, ಕೊಳ್ಳಿ" ಎಂದು ವಾಟ್ಸಾಪಿನಲ್ಲಿ ದಿನಕ್ಕೆ ಮೂರು ಸಲ ಹಾಕಿದರೆ ಜನ ಓಡಿಹೋಗುತ್ತಾರೆ. ಅದರ ಬದಲು ಒಂದು ಅಧ್ಯಾಯವನ್ನು ಬಿಟ್ಟಿ ಓದಲು ಕೊಡಿ. ಐದು ನಿಮಿಷ ಓದಿದ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿ, ಕೊಳ್ಳುವ ಕೊಂಡಿಯನ್ನು ಕೆಳಗೇ ಕೊಡಿ. ಓದಿ ಮೆಚ್ಚಿದವರಿಂದ ಗುಡ್‌ರೀಡ್ಸ್‌ನಲ್ಲಿ ನಾಲ್ಕು ಸಾಲು ಬರೆಸಿ. ಮೆಚ್ಚದವರು ತಾವಾಗಿಯೇ ಬರೆಯುತ್ತಾರೆ! ಎರಡು ವರ್ಷಕ್ಕೊಮ್ಮೆ ವಸಂತ ಸಾಹಿತ್ಯೋತ್ಸವ ನಡೆಸುತ್ತಾ ಬಂದಿರುವ ಕನ್ನಡ ಸಾಹಿತ್ಯ ರಂಗದಂಥ ವೇದಿಕೆಗಳಲ್ಲಿ ಪುಸ್ತಕದ ಹಿಂಬದಿಗೆ ಕ್ಯೂಆರ್ ಕೋಡ್ ಅಂಟಿಸಿಟ್ಟರೆ, ಸೂಟ್‌ಕೇಸಿನಲ್ಲಿ ಜಾಗವಿಲ್ಲದವರೂ ಇ-ಪ್ರತಿ ಕೊಳ್ಳಬಹುದು.

ದುಡ್ಡು ಬರುವ ಕಡೆ ಕಾನೂನೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಚ್ಚಿನ ಪುಸ್ತಕಕ್ಕೆ ಮಾರಾಟ ತೆರಿಗೆಯುಂಟು. ಅಮೆಜಾನಿನಂಥ ದೊಡ್ಡ ಮಾರುಕಟ್ಟೆಗಳು 2019ರ ಅಕ್ಟೋಬರಿನಿಂದ ಅದನ್ನು ತಾವೇ ವಸೂಲಿ ಮಾಡಿ ಕಟ್ಟುತ್ತವೆ. ನೀವೇ ನೇರವಾಗಿ ಮಾರುವುದಾದರೆ ರಾಜ್ಯ ತೆರಿಗೆ ಇಲಾಖೆಯ ಸೆಲ್ಲರ್ಸ್ ಪರ್ಮಿಟ್ ಬೇಕಾಗುತ್ತದೆ, ಅದಕ್ಕೆ ಶುಲ್ಕವಿಲ್ಲ. ಎಚ್-1ಬಿ ವೀಸಾದಲ್ಲಿರುವವರು ಮಾರಾಟಕ್ಕಿಳಿಯುವ ಮುನ್ನ ವಕೀಲರನ್ನು ಕೇಳುವುದು ಕ್ಷೇಮ. ಊರಿನಲ್ಲಿರುವ ತಂದೆ-ತಾಯಿಯ ಪುಸ್ತಕವನ್ನು ಅವರ ಹೆಸರಿನಲ್ಲೇ ಅಮೆರಿಕದ ತಾಣದಲ್ಲಿ ಮಾರುವುದಾದರೆ ಡಬ್ಲ್ಯು-8 ಬೆನ್ ಫಾರಂನಲ್ಲಿ ಅವರ ಪ್ಯಾನ್ ಸಂಖ್ಯೆ ತುಂಬಿ. ಇಲ್ಲವಾದರೆ ಇಲ್ಲಿನ ಗೌರವಧನದಲ್ಲಿ ಶೇ. 30 ತೆರಿಗೆ ಕಡಿತವಾಗುತ್ತದೆ. ಎರಡು ದೇಶಗಳ ಒಪ್ಪಂದದ ಪ್ರಕಾರ ಅದು ಶೇ. 15ಕ್ಕೆ ಇಳಿಯುತ್ತದೆ.