ಪ್ರಶ್ನೆ ಹಿಂದಿರುಗುವ ದಾರಿ

ಬೆಳಗಾವಿಯಿಂದ ಪುಣೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಸಂಕೇಶ್ವರಕ್ಕಿಂತ ಮೊದಲು ಹತ್ತರಗಿ ಸಿಗುತ್ತದೆ. 2004ರ ಕೊನೆಯಲ್ಲಿ ನೀವು ಅಲ್ಲಿ ಒಂದು ಡಿಷ್ ಆಂಟೆನಾ ನಿಲ್ಲಿಸಿ ಅದನ್ನು 'ಎಜುಸ್ಯಾಟ್' ಉಪಗ್ರಹದತ್ತ ತಿರುಗಿಸಬೇಕಾಗಿತ್ತು ಎನ್ನಿ. ಯಾವ ದಿಕ್ಕಿಗೆ? ಉಪಗ್ರಹವಿದ್ದದ್ದು ಸಮಭಾಜಕ ವೃತ್ತದ ಮೇಲೆ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹತ್ತರಗಿಯ ರೇಖಾಂಶವೂ ಅದರ ಆಸುಪಾಸಿನದೇ. ಆದ್ದರಿಂದ ಬಹುಮಟ್ಟಿಗೆ ನೇರ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 71 ಡಿಗ್ರಿ ಮೇಲಕ್ಕೆ.

ಈಗ ಇನ್ನೊಂದು ಲೆಕ್ಕ ಮಾಡಿ. ಭೂಸ್ಥಿರ ಉಪಗ್ರಹದ ಎತ್ತರ 35,786 ಕಿಲೋಮೀಟರ್. ಅಧ್ಯಾಪಕರ ಮಾತು ಮೇಲೇರಿ ಕೆಳಗಿಳಿಯಲು ಸುಮಾರು 0.24 ಸೆಕೆಂಡ್ ಬೇಕು. ವಿದ್ಯಾರ್ಥಿಯ ಉತ್ತರ ಅದೇ ದಾರಿಯಲ್ಲಿ ಮರಳಲು ಮತ್ತೆ ಅಷ್ಟೇ. ಅಂದರೆ "ಅರ್ಥವಾಯಿತೇ?" ಎಂದು ಕೇಳಿದವರಿಗೆ ಕನಿಷ್ಠ ಅರ್ಧ ಸೆಕೆಂಡ್ ಮೌನ ಖಚಿತ. ಆದರೆ ಭೌತವಿಜ್ಞಾನ ಹೇರುವ ಈ ಮೌನ ದೊಡ್ಡದಲ್ಲ. ಉತ್ತರ ಮರಳಲು ದಾರಿಯೇ ಇಲ್ಲದಿದ್ದರೆ? ದೂರಶಿಕ್ಷಣದ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಬೇಕು.

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದಾಗ ಹಿಂದಿರುಗುವ ದಾರಿ ಇತ್ತು, ನಿಧಾನದ್ದು. ಪಾಠ ಅಂಚೆಯಲ್ಲಿ ಬರುತ್ತಿತ್ತು, ಸಂಪರ್ಕ ತರಗತಿಗಳಲ್ಲಿ ಮುಖಾಮುಖಿ ಆಗುತ್ತಿತ್ತು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಅದು ಇರಲಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ 22½ ನಿಮಿಷದ ಕಾರ್ಯಕ್ರಮ. ಅದರಲ್ಲಿ ಮಗುವಿಗೆ ಸಂದೇಹ ಬಂದರೆ ತೆರೆಯ ಮೇಲಿನವರಿಗೆ ಕೇಳಿಸುವಂತಿರಲಿಲ್ಲ. ಪಕ್ಕದಲ್ಲಿ ನಿಂತ ಶಾಲೆಯ ಮೇಷ್ಟ್ರೇ ಗತಿ. ಇದನ್ನು ಯೋಜಕರು ಅರಿತಿದ್ದರೆಂದು ತೋರುತ್ತದೆ. ಅದೇ ಅವಧಿಯಲ್ಲಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟರು. ಅದರಲ್ಲಿ ನೋಡುವುದರ ಜೊತೆಗೆ ಮಾಡುವುದು, ಚರ್ಚಿಸುವುದು ಸೇರಿದ್ದವು.

ಎಜುಸ್ಯಾಟ್ ಬಂದದ್ದು ಮೂರು ದಶಕಗಳ ನಂತರ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಅಷ್ಟರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ತಾಲ್ಲೂಕುಗಳಿಗೂ ಹಬ್ಬಿದ್ದವು. ಹತ್ತರಗಿ ಇರುವ ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲೂ 1996ರಲ್ಲಿ ಒಂದು ಆರಂಭವಾಗಿತ್ತು. ಒಬ್ಬ ನುರಿತ ಪ್ರಾಧ್ಯಾಪಕರನ್ನು ಏಕಕಾಲಕ್ಕೆ ಹಲವು ಕಾಲೇಜುಗಳಿಗೆ ಹಂಚುವ ಯೋಚನೆ ಇಲ್ಲಿ ಸಹಜವಾಗಿತ್ತು. ಇನ್ಸಾಟ್-3ಬಿ ಬಳಸಿ ಪ್ರಾಯೋಗಿಕ ಹಂತ ಕೈಗೊಂಡ ಮೂರು ವಿಶ್ವವಿದ್ಯಾಲಯಗಳಲ್ಲಿ ಇದೂ ಒಂದು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ 1,950 ಕಿಲೋಗ್ರಾಂ ತೂಕದ ಎಜುಸ್ಯಾಟ್ ಅನ್ನು ಕಕ್ಷೆಗೆ ಒಯ್ದಿತು.

ಅದರ ಜಾಲದಲ್ಲಿ ಎರಡು ಬಗೆಯ ಕೇಂದ್ರಗಳಿದ್ದವು. ಒಂದು ಬಗೆಯದು ಸಂಕೇತವನ್ನು ಸ್ವೀಕರಿಸಿ ಮರಳಿಯೂ ಕಳಿಸುತ್ತಿತ್ತು. ಅಲ್ಲಿ ಕುಳಿತವನು ಪ್ರಶ್ನೆ ಕೇಳಬಹುದಿತ್ತು. ಇನ್ನೊಂದು ಬರೀ ಸ್ವೀಕರಿಸುತ್ತಿತ್ತು. ಪ್ರೇಷಕ ಬೇಕಿಲ್ಲದ್ದರಿಂದ ಇದರ ವೆಚ್ಚ ಕಡಿಮೆ. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಸಿಕ್ಕಿದ್ದು ಈ ಎರಡನೆಯದು. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಪ್ರಶ್ನೆಯ ಹಕ್ಕು, ಎಂಟು ವರ್ಷದ ಮಗುವಿಗೆ ಕೇಳುವ ಹಕ್ಕು ಮಾತ್ರ! ದುಡ್ಡಿನ ಲೆಕ್ಕ ಸರಿ, ಕಲಿಕೆಯ ಲೆಕ್ಕ ತಿರುವುಮುರುವು ಎಂದೇ ನನಗನಿಸುತ್ತದೆ. 2010ರ ಸೆಪ್ಟೆಂಬರ್‌ನಲ್ಲಿ ಉಪಗ್ರಹ ನಿವೃತ್ತವಾಯಿತು.

2020ರಲ್ಲಿ ಕೋವಿಡ್ ಬಂದಾಗ ಇಂಟರ್ನೆಟ್‌ನಿಂದಾಗಿ ಎರಡೂ ಕಡೆಯ ದಾರಿ ಅಗ್ಗವಾಗಿತ್ತು. ಆದರೂ ನಿಮ್ಮಲ್ಲಿ ಹಲವು ಅಧ್ಯಾಪಕರು ಕ್ಯಾಮೆರಾ ಆರಿಸಿದ ಕಪ್ಪು ಚೌಕಗಳಿಗೇ ಪಾಠ ಹೇಳಿದಿರಿ. ಫೋನೇ ಇಲ್ಲದ ಮನೆಗಳೂ ಇದ್ದವು. ಆ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದವು. ಮತ್ತೆ ಒಂದೇ ದಿಕ್ಕು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು: ಶಿಕ್ಷಕರು ಮಕ್ಕಳಿರುವ ಕಡೆಗೇ ಹೋಗಿ ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಚಿಕ್ಕ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. 2021ರ ಜನವರಿ 1ರಿಂದ ಅದು ಶಾಲೆಗಳ ಆವರಣದಲ್ಲಿ ಮರಳಿ ಆರಂಭವಾಯಿತು.