ಕಾರ್ಬಾಲಿಕ್ ಆಮ್ಲವನ್ನುಂಡ ಜೀವಿಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳಿಂದಲೂ ಬಣ್ಣದ ಕಾರ್ಖಾನೆಗಳಿಂದಲೂ ಮ್ಯಾಂಚೆಸ್ಟರ್ ನಗರವು ಗಳಿಸಿದ ಐಶ್ವರ್ಯದ ಕೊಳೆಯನ್ನೆಲ್ಲ ಹೊತ್ತದ್ದು ಅಲ್ಲಿಯ ಇರ್ವೆಲ್ ನದಿ. ಬೀದಿದೀಪಗಳಿಗಾಗಿ ಕಲ್ಲಿದ್ದಲನ್ನು ಕಾಯಿಸಿ ಅನಿಲ ತೆಗೆಯುತ್ತಿದ್ದ ಸ್ಥಾವರಗಳ ನೀರಿನಲ್ಲಿಯಂತೂ ಅಮೋನಿಯ, ಫೀನಾಲ್ ಮೊದಲಾದ ವಿಷದ್ರವ್ಯಗಳಿರುತ್ತಿದ್ದವು. ಫೀನಾಲೆಂದರೆ ಕಾರ್ಬಾಲಿಕ್ ಆಮ್ಲ. 1865ರಲ್ಲಿ ಗ್ಲಾಸ್ಗೋವಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಗಾಯದ ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು ಆರಿಸಿಕೊಂಡ ದ್ರವ್ಯವೇ ಅದು. ಇಂಥ ಜೀವನಾಶಕವು ಸೂಕ್ಷ್ಮಜೀವಿಗಳಿಗೇ ಆಹಾರವಾಗಬಲ್ಲುದೆಂದರೆ ಯಾರು ನಂಬಿಯಾರು?

ಗಿಲ್ಬರ್ಟ್ ಫೌಲರ್, ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬ ಮ್ಯಾಂಚೆಸ್ಟರಿನ ಮೂವರು ರಸಾಯನಜ್ಞರು, ಪ್ರತ್ಯೇಕಿಸಿ ಬೆಳೆಸಿದ ಕೆಲವು ಬ್ಯಾಕ್ಟೀರಿಯಗಳು ಫೀನಾಲನ್ನು ಉತ್ಕರ್ಷಿಸುತ್ತವೆಂದು 1911ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮ್ಲಜನಕವನ್ನು ಕೂಡಿಸಿ, ಇಂಗಾಲದ ಆರು ಪರಮಾಣುಗಳ ಉಂಗುರವನ್ನು ಒಡೆದು, ಕಡೆಗೆ ಅದನ್ನು ಇಂಗಾಲಾಮ್ಲವಾಯುವನ್ನಾಗಿಯೂ ನೀರನ್ನಾಗಿಯೂ ಮಾಡುವ ಈ ಜೀವಿಗಳ ಸಾಮರ್ಥ್ಯವು ನನಗೆ ಇಂದಿಗೂ ವಿಸ್ಮಯಕರವೇ.

ಆದರೆ ಹೀಗೆ ಪ್ರತ್ಯೇಕಿಸಿದ ಜೀವಿಯೊಂದರಿಂದ ನಗರದ ಕೊಳಚೆನೀರು ಶುದ್ಧವಾಗದು. 1912ರಲ್ಲಿ ಫೌಲರ್ ಅಮೆರಿಕದ ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಕೊಳಚೆನೀರಿಗೆ ಗಾಳಿಯೂದಿದ ಸೀಸೆಗಳನ್ನು ಕಂಡು ಮರಳಿದ ಮೇಲೆ, ಮ್ಯಾಂಚೆಸ್ಟರಿನ ಕೊಳಚೆನೀರಿನ ಶುದ್ಧೀಕರಣ ಕೇಂದ್ರವಿದ್ದ ಡೇವಿಹುಲ್ಮ್‌ನಲ್ಲಿ ಆರ್ಡರ್ನ್, ಲಾಕೆಟ್ ಇಬ್ಬರೂ ಬೆಳಕು ತಗಲಿ ಪಾಚಿ ಬೆಳೆಯದಿರಲೆಂದು ಕಂದು ಕಾಗದ ಸುತ್ತಿದ ಸೀಸೆಗಳಲ್ಲಿ ಕೊಳಚೆನೀರನ್ನು ತುಂಬಿ ಗಾಳಿಯೂದಿದರು. ಮೊದಲ ಸಲ ಶುದ್ಧಿಗೆ ಐದು ವಾರಗಳು ಹಿಡಿದವು. ತಿಳಿನೀರನ್ನು ಬಸಿದು, ತಳದ ಮಡ್ಡಿಯನ್ನು ಹಾಗೆಯೇ ಉಳಿಸಿಕೊಂಡು, ಹಾಲಿಗೆ ಹೆಪ್ಪಿಟ್ಟಂತೆ ಹೊಸ ನೀರನ್ನು ಅದರ ಮೇಲೆ ಸುರಿದಾಗ ಕಾಲ ತಗ್ಗಿತು. ಹೀಗೆಯೇ ಮತ್ತೆಮತ್ತೆ ಮಾಡಲು, ಕಡೆಗೆ ಒಂದು ದಿನದೊಳಗೇ ಕೆಲಸ ಮುಗಿಯಿತು. ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯಲೆಂದು ಅದೇ ನಗರವು ಹಣ ವೆಚ್ಚಮಾಡುತ್ತಿದ್ದ ಮಡ್ಡಿಯೇ ಇಲ್ಲಿ ದುಡಿಯುವ ಕೈಯಾಯಿತು! 1914ರ ಏಪ್ರಿಲ್ 3ರಂದು ಅವರು ಓದಿದ ಪ್ರಬಂಧದಿಂದ 'ಆಕ್ಟಿವೇಟೆಡ್ ಸ್ಲಡ್ಜ್' (ಚುರುಕುಗೊಳಿಸಿದ ಮಡ್ಡಿ) ಎಂಬ ಈ ವಿಧಾನವು ಲೋಕಪ್ರಸಿದ್ಧವಾಯಿತು.

ಫೌಲರರು 1916ರಲ್ಲಿ ಪ್ರಾಧ್ಯಾಪಕರಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು. ಈ ವಿದ್ಯೆಯು ನಮ್ಮ ನಾಡಿನಲ್ಲಿ ಬೇರೂರಿದುದು ಹಾಗೆ. ಮುಂದೆ 1942ರಲ್ಲಿ, ಅದೇ ಮಂದಿರದ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಇವರು, ಆ ಮಡ್ಡಿಯಲ್ಲಿ ನೀರನ್ನು ತಿಳಿಗೊಳಿಸುವವು ಬ್ಯಾಕ್ಟೀರಿಯಗಳಷ್ಟೇ ಅಲ್ಲ, ಏಕಕೋಶದ ಪ್ರೋಟೊಜೋವಗಳೂ ಹೌದೆಂದು ಪ್ರತಿಪಾದಿಸಿದರು. ಉಕ್ಕಿನ ಕಾರ್ಖಾನೆಗಳ ಕೋಕ್ ಭಟ್ಟಿಗಳಿಂದ ಬರುವ ಫೀನಾಲಿನ ನೀರನ್ನು ಈಗಲೂ ಇಂಥ ಮಡ್ಡಿಗೇ ಒಪ್ಪಿಸುತ್ತಾರೆ. ಆದರೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಉಣಿಸಿ ಅಭ್ಯಾಸಮಾಡಿಸಬೇಕು, ಒಮ್ಮೆಗೇ ಸುರಿದರೆ ಉಣ್ಣುವ ಜೀವಿಗಳೇ ಸಾಯುತ್ತವೆ.